ಎಂಡೊಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ

ಎಂಡೊಮೆಟ್ರಿಯಲ್ ಸ್ಟ್ರೋಮಲ್ ಸಾರ್ಕೋಮಾ ಗರ್ಭಕೋಶದ ಒಳಪೊರೆಯ ಆಧಾರ ಅಂಗಾಂಶದಿಂದ, ಅಂದರೆ ಸ್ಟ್ರೋಮಾದಿಂದ, ಹುಟ್ಟುವ ಅಪರೂಪದ ಮಾರಕ ಗಡ್ಡೆ. ಗರ್ಭಕೋಶದ ಎಲ್ಲ ಮಾರಕ ಗಡ್ಡೆಗಳಲ್ಲಿ ಇದರ ಪಾಲು ಶೇ. 1ರ ಆಸುಪಾಸು. ಗರ್ಭಕೋಶದ ಸಾರ್ಕೋಮಾಗಳನ್ನಷ್ಟೇ ತೆಗೆದುಕೊಂಡರೆ ಲಿಯೋಮಯೋಸಾರ್ಕೋಮಾದ ನಂತರದ ಸ್ಥಾನ ಇದರದು. ಇದೇ ಜೀವಕೋಶಗಳಿಂದ ಸ್ಟ್ರೋಮಲ್ ನಾಡ್ಯೂಲ್ ಎಂಬ ನಿರಪಾಯಕಾರಿ ಗಂಟೂ ಆಗುತ್ತದೆ. ಬಿಡಿ ಜೀವಕೋಶಗಳನ್ನು ನೋಡಿ ಈ ಎರಡನ್ನು ಬೇರ್ಪಡಿಸಲು ಬಾರದು. ಗಡ್ಡೆಯ ಅಂಚು ಸುತ್ತಲಿನ ಸ್ನಾಯುವಿನೊಳಗೆ ನುಗ್ಗಿದೆಯೇ, ರಕ್ತನಾಳದೊಳಗೆ ಇಳಿದಿದೆಯೇ ಎಂಬುದರ ಮೇಲೆ ನಿದಾನ ನಿಲ್ಲುತ್ತದೆ.

ಹುಟ್ಟುವ ಅಂಗಾಂಶ

ಗರ್ಭಕೋಶದ ಗೋಡೆಯಲ್ಲಿ ಮೂರು ಪದರಗಳಿವೆ: ಒಳಗೆ ಒಳಪೊರೆ, ನಡುವೆ ದಪ್ಪನೆಯ ಸ್ನಾಯುಪದರ, ಹೊರಗೆ ತೆಳುವಾದ ಹೊರಪೊರೆ. ಒಳಪೊರೆಯಲ್ಲಿ ಕೊಳವೆಯಂಥ ಗ್ರಂಥಿಗಳೂ ಅವುಗಳ ನಡುವಿನ ಜಾಗ ತುಂಬಿದ ಸ್ಟ್ರೋಮಾವೂ ಇರುತ್ತವೆ. ಗರ್ಭಕೋಶದ ಸಾಮಾನ್ಯ ಕ್ಯಾನ್ಸರ್ ಹುಟ್ಟುವುದು ಗ್ರಂಥಿಗಳಿಂದ. ಸ್ಟ್ರೋಮಾದಿಂದ ಹುಟ್ಟಿದ ಕ್ಯಾನ್ಸರ್ ಸಾರ್ಕೋಮಾ ವರ್ಗಕ್ಕೆ ಸೇರುತ್ತದೆ.

ಸ್ಟ್ರೋಮಾದ ಜೀವಕೋಶಗಳು ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಹಾರ್ಮೋನುಗಳ ಮಾತು ಕೇಳುವಂಥವು. ಮುಟ್ಟಿನ ಚಕ್ರದ ಮೊದಲ ಅರ್ಧದಲ್ಲಿ ಅವು ಸಣ್ಣಗೆ, ಒತ್ತೊತ್ತಾಗಿ, ಅಂಡಾಕಾರದ ನ್ಯೂಕ್ಲಿಯಸ್ಸಿನೊಂದಿಗೆ ಇರುತ್ತವೆ. ಈ ಸಾರ್ಕೋಮಾದ ಸೌಮ್ಯ ಬಗೆಯಾದ ಲೋ ಗ್ರೇಡ್ ಗಡ್ಡೆಯ ಜೀವಕೋಶಗಳು ಈ ಹಂತದ ಸ್ಟ್ರೋಮಾವನ್ನೇ ಹೋಲುತ್ತವೆ. ಹಾರ್ಮೋನ್ ಗ್ರಾಹಕಗಳನ್ನೂ ಉಳಿಸಿಕೊಂಡಿರುವುದರಿಂದ ಚಿಕಿತ್ಸೆಯಲ್ಲಿ ಹಾರ್ಮೋನ್ ತಡೆಗೆ ದೊಡ್ಡ ಪಾತ್ರವಿದೆ. ಅಂಡಾಶಯ, ಕಿಬ್ಬೊಟ್ಟೆಯ ಪೊರೆ ಮುಂತಾದೆಡೆ ಒಳಪೊರೆಯಂಥ ಅಂಗಾಂಶ ಬೆಳೆಯುವ ಎಂಡೊಮೆಟ್ರಿಯೋಸಿಸ್ ಇದ್ದವರಲ್ಲಿ ಇದೇ ಗಡ್ಡೆ ಗರ್ಭಕೋಶದ ಹೊರಗೂ ಹುಟ್ಟಿದ ಉದಾಹರಣೆಗಳಿವೆ.

ವರ್ಗೀಕರಣದ ಇತಿಹಾಸ

ಈ ಗಡ್ಡೆಗೆ ಹಿಂದೆ ಎಂಡೊಲಿಂಫ್ಯಾಟಿಕ್ ಸ್ಟ್ರೋಮಲ್ ಮಯೋಸಿಸ್ ಎಂಬ ಹೆಸರಿತ್ತು. ದುಗ್ಧನಾಳಗಳೊಳಗೆ ಹರಿದುಕೊಂಡು ಹೋಗುವ ಅದರ ಸ್ವಭಾವ ಆ ಹೆಸರಿನಲ್ಲಿತ್ತು. ಅದು ಮಾರಕ ಎಂಬ ಸಂಗತಿ ಮಾತ್ರ ಅದರಲ್ಲಿರಲಿಲ್ಲ. ಹಳೆಯ ವರದಿಗಳನ್ನು ಓದುವವರು ಇದನ್ನು ಇಂದಿನ ಲೋ ಗ್ರೇಡ್ ಸ್ಟ್ರೋಮಲ್ ಸಾರ್ಕೋಮಾ ಎಂದೇ ತಿಳಿಯಬೇಕು.

1966ರಲ್ಲಿ ಅಮೆರಿಕದ ಸಶಸ್ತ್ರ ಪಡೆಗಳ ರೋಗಶಾಸ್ತ್ರ ಸಂಸ್ಥೆಯ ನಾರಿಸ್ ಮತ್ತು ಟೇಲರ್ 53 ಗಡ್ಡೆಗಳ ಅಧ್ಯಯನವನ್ನು ಪ್ರಕಟಿಸಿದರು. ಅಂಚು ದುಂಡಗೆ ಸುತ್ತಲಿನ ಸ್ನಾಯುವನ್ನು ಒತ್ತಿಕೊಂಡಿದ್ದರೆ ಅದು ನಾಡ್ಯೂಲ್, ಅಂಚು ಒಳನುಗ್ಗಿದ್ದರೆ ಬೇರೆ ಬಗೆ ಎಂದು ಅವರು ವಿಂಗಡಿಸಿದರು. ನುಗ್ಗುವ ಗಡ್ಡೆಗಳನ್ನು ಮತ್ತೆ ಎರಡಾಗಿ ಒಡೆಯಲು ಕೋಶವಿಭಜನೆಯ ಎಣಿಕೆಯನ್ನು ಬಳಸಿದರು: ಸೂಕ್ಷ್ಮದರ್ಶಕದ 10 ದೊಡ್ಡ ವರ್ಧನೆಯ ಕ್ಷೇತ್ರಗಳಲ್ಲಿ 10ಕ್ಕಿಂತ ಕಡಿಮೆ ವಿಭಜನೆ ಕಂಡರೆ ಒಂದು ವರ್ಗ (ಮುಂದೆ ಲೋ ಗ್ರೇಡ್ ಎನಿಸಿದ್ದು), 10 ಅಥವಾ ಅದಕ್ಕೂ ಹೆಚ್ಚಾದರೆ ಇನ್ನೊಂದು (ಮುಂದೆ ಹೈ ಗ್ರೇಡ್ ಎನಿಸಿದ್ದು). ಅಂಚಿನ ನಿಯಮ ಇಂದಿಗೂ ನಿಂತಿದೆ. ಎಣಿಕೆಯದು ನಿಲ್ಲಲಿಲ್ಲ.

1982ರಲ್ಲಿ ಇವಾನ್ಸ್ ಬೇರೆ ದಾರಿ ಹಿಡಿದರು. ಸ್ಟ್ರೋಮಾವನ್ನು ಹೋಲುವ ಗಡ್ಡೆ ಎಷ್ಟೇ ವಿಭಜನೆ ತೋರಿದರೂ ಅದು ಒಂದೇ ಜಾತಿ. ಸ್ಟ್ರೋಮಾದ ಹೋಲಿಕೆಯನ್ನೇ ಕಳೆದುಕೊಂಡ ಉಗ್ರ ಗಡ್ಡೆ ಬೇರೆಯದೇ ಜಾತಿ ಎಂಬುದು ಅವರ ವಾದ. 1990ರಲ್ಲಿ ಸ್ಟ್ಯಾನ್‌ಫರ್ಡ್‌ನ ತಂಡ 117 ರೋಗಿಗಳ ದಾಖಲೆ ಪರಿಶೀಲಿಸಿ, ಮೊದಲ ಹಂತದ ಗಡ್ಡೆಗಳಲ್ಲಿ ಕೋಶವಿಭಜನೆಯ ಎಣಿಕೆಯಿಂದ ಮುಂದಿನ ಗತಿಯನ್ನು ಹೇಳಲಾಗದು ಎಂದು ತೋರಿಸಿತು. ವಿಶ್ವ ಆರೋಗ್ಯ ಸಂಸ್ಥೆಯ 2003ರ ವರ್ಗೀಕರಣ ಎಣಿಕೆಯನ್ನು ಕೈಬಿಟ್ಟಿತು. ಅದರೊಂದಿಗೆ ಹೈ ಗ್ರೇಡ್ ಎಂಬ ವರ್ಗವೂ ಪಟ್ಟಿಯಿಂದ ಹೋಯಿತು.

ಆ ವರ್ಗವನ್ನು ಮತ್ತೆ ತಂದದ್ದು ತಳಿಶಾಸ್ತ್ರ. ಒಂದೇ ರೂಪದ ದುಂಡು ಜೀವಕೋಶಗಳ ಒಂದು ಗುಂಪಿನ ಗಡ್ಡೆಗಳಲ್ಲಿ 10 ಮತ್ತು 17ನೇ ವರ್ಣತಂತುಗಳ ನಡುವೆ ತುಂಡುಗಳು ಅದಲುಬದಲಾಗಿ ವೈಡಬ್ಲ್ಯುಎಚ್‌ಎಇ ಮತ್ತು ನಟ್‌ಎಂ2 ಜೀನ್‌ಗಳು ಬೆಸೆದುಕೊಂಡಿರುವುದು 2012ರಲ್ಲಿ ಪ್ರಕಟವಾಯಿತು. ಈ ರೋಗಿಗಳ ಗತಿ ಲೋ ಗ್ರೇಡ್‌ನವರಿಗಿಂತ ಕೆಟ್ಟದಾಗಿತ್ತು, ಸ್ಟ್ರೋಮಾದ ಹೋಲಿಕೆ ಉಳಿಯದ, ಅಂದರೆ ವಿಭಿನ್ನತೆಯಿಲ್ಲದ, ಸಾರ್ಕೋಮಾದವರಿಗಿಂತ ಮೇಲಾಗಿತ್ತು. 2014ರ ವರ್ಗೀಕರಣದಲ್ಲಿ ಹೈ ಗ್ರೇಡ್ ವರ್ಗ ಈ ಆಧಾರದ ಮೇಲೆ ಮರಳಿತು. 2020ರ ಐದನೇ ಆವೃತ್ತಿ ನಾಲ್ಕು ವರ್ಗಗಳನ್ನು ಉಳಿಸಿಕೊಂಡಿದೆ: ಸ್ಟ್ರೋಮಲ್ ನಾಡ್ಯೂಲ್, ಲೋ ಗ್ರೇಡ್ ಸಾರ್ಕೋಮಾ, ಹೈ ಗ್ರೇಡ್ ಸಾರ್ಕೋಮಾ, ವಿಭಿನ್ನತೆಯಿಲ್ಲದ ಗರ್ಭಕೋಶ ಸಾರ್ಕೋಮಾ. ಇಂದಿನ ಹೈ ಗ್ರೇಡ್ ಮತ್ತು ಎಣಿಕೆ ಆಧರಿಸಿದ ಹಳೆಯ ಹೈ ಗ್ರೇಡ್ ಒಂದೇ ಅಲ್ಲ. ಹಳೆಯ ಅಧ್ಯಯನಗಳ ಬದುಕುಳಿಯುವಿಕೆಯ ಅಂಕಿಗಳನ್ನು ಇಂದಿನ ವರದಿಗೆ ನೇರವಾಗಿ ಹೊಂದಿಸಬಾರದು.

ವಯಸ್ಸು, ಲಕ್ಷಣಗಳು

ಲೋ ಗ್ರೇಡ್ ಗಡ್ಡೆ ಹೆಚ್ಚಾಗಿ 40ರಿಂದ 55 ವರ್ಷದವರಲ್ಲಿ ಕಾಣಿಸುತ್ತದೆ. ಅವರಲ್ಲಿ ಅರ್ಧದಷ್ಟು ಮಂದಿಗೆ ಇನ್ನೂ ಮುಟ್ಟು ನಿಂತಿರುವುದಿಲ್ಲ. ಬಹುಕಾಲ ಈಸ್ಟ್ರೋಜನ್ ಸೇವನೆ, ಸ್ತನ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್, ಪಾಲಿಸಿಸ್ಟಿಕ್ ಓವರಿ ಇವುಗಳ ಜೊತೆ ನಂಟು ದಾಖಲಾಗಿದೆ. ಹೆಚ್ಚಿನ ರೋಗಿಗಳಲ್ಲಿ ಇಂಥ ಯಾವ ಕಾರಣವೂ ಸಿಗುವುದಿಲ್ಲ.

ಅತಿಯಾದ ಅಥವಾ ಅಕಾಲದ ರಕ್ತಸ್ರಾವ, ಕಿಬ್ಬೊಟ್ಟೆ ನೋವು, ದೊಡ್ಡದಾದ ಗರ್ಭಕೋಶ ಇವು ಮುಖ್ಯ ಲಕ್ಷಣಗಳು. ಇವೆಲ್ಲ ಫೈಬ್ರಾಯ್ಡ್‌ನ ಲಕ್ಷಣಗಳೂ ಹೌದು. ಫೈಬ್ರಾಯ್ಡ್ ಎಂದು ಗರ್ಭಕೋಶ ತೆಗೆದ ಮೇಲೆ, ಪೆಥಾಲಜಿ ವರದಿಯಲ್ಲಿ ಈ ಗಡ್ಡೆಯ ಹೆಸರು ಮೊದಲ ಸಲ ಬರುವುದೇ ಹೆಚ್ಚು. ಸುಮಾರು ಕಾಲು ಭಾಗ ರೋಗಿಗಳಲ್ಲಿ ಲಕ್ಷಣಗಳೇ ಇರುವುದಿಲ್ಲ. ಮೂರನೇ ಒಂದರಷ್ಟು ಮಂದಿಯಲ್ಲಿ ಪತ್ತೆಯಾಗುವ ಹೊತ್ತಿಗೆ ಗಡ್ಡೆ ಗರ್ಭಕೋಶ ದಾಟಿರುತ್ತದೆ. ಕೆಲವೊಮ್ಮೆ ಶ್ವಾಸಕೋಶದ ಗಂಟುಗಳೇ ಮೊದಲು ಕಣ್ಣಿಗೆ ಬೀಳುತ್ತವೆ, ಮೂಲ ಗಡ್ಡೆ ಆಮೇಲೆ ಸಿಗುತ್ತದೆ.

ಬರಿಗಣ್ಣಿಗೆ ಕಾಣುವ ರಚನೆ

ನಾಡ್ಯೂಲ್ ಒಂಟಿಯಾಗಿ, ದುಂಡಗೆ, ಕೊಯ್ದ ಮೈಯಲ್ಲಿ ಹಳದಿಯಿಂದ ಕಂದು ಬಣ್ಣದ ಮೆದು ಗಂಟಾಗಿ ಕಾಣುತ್ತದೆ. ಫೈಬ್ರಾಯ್ಡ್ ಬಿಳುಪಾಗಿ, ಗಟ್ಟಿಯಾಗಿ, ಸುರುಳಿ ಸುರುಳಿಯಾದ ನಾರುಗಳೊಂದಿಗೆ ಕತ್ತಿಯ ಅಲಗಿಗೆ ಉಬ್ಬಿ ನಿಲ್ಲುತ್ತದೆ. ಹಳದಿ ಬಣ್ಣ ಮತ್ತು ಮೆದುತನ ಕಂಡರೆ ಅನುಮಾನ ಪಡಬೇಕು.

ಲೋ ಗ್ರೇಡ್ ಸಾರ್ಕೋಮಾದಲ್ಲಿ ಸ್ನಾಯುಪದರದ ಉದ್ದಕ್ಕೂ ಹರಡಿದ ಅನೇಕ ಗಂಟುಗಳಿರಬಹುದು, ಇಲ್ಲವೇ ಗೋಡೆಯೆಲ್ಲ ಸುಮ್ಮನೆ ದಪ್ಪಗಾಗಿರಬಹುದು. ಇದರ ಖಾಸಾ ಗುರುತು ಅಭಿಧಮನಿಗಳಲ್ಲಿದೆ. ಗೋಡೆಯನ್ನು ಅಡ್ಡ ಕೊಯ್ದಾಗ ಅಗಲವಾದ ನಾಳಗಳ ಬಾಯಿಂದ ಹಳದಿ ಬಣ್ಣದ, ಹುಳುವಿನಾಕಾರದ ಎಳೆಗಳು ಹೊರಚಾಚುತ್ತವೆ. ಚಿಮಟದಲ್ಲಿ ಹಿಡಿದರೆ ನಾಳದ ಗೋಡೆಗೆ ಅಂಟದೆ ಜಾರಿ ಬರುವುದೂ ಉಂಟು. ಇಂಥ ಎಳೆಗಳು ಗರ್ಭಕೋಶದ ಪಕ್ಕದ ಬಂಧಕದ ನಾಳಗಳಿಗೆ ಹಬ್ಬಿ, ಅಲ್ಲಿಂದ ಕೆಳ ಮಹಾಅಭಿಧಮನಿ ಏರಿ, ಹೃದಯದ ಬಲಭಾಗ ತಲಪಿದ ಪ್ರಕರಣಗಳೂ ವೈದ್ಯಕೀಯ ಸಾಹಿತ್ಯದಲ್ಲಿವೆ. ಹೈ ಗ್ರೇಡ್ ಮತ್ತು ವಿಭಿನ್ನತೆಯಿಲ್ಲದ ಗಡ್ಡೆಗಳಲ್ಲಿ ರಕ್ತ ಹೆಪ್ಪುಗಟ್ಟಿದ, ಸತ್ತು ಕರಗಿದ ಭಾಗಗಳು ಸಾಮಾನ್ಯ.

ತೆಗೆದ ಗರ್ಭಕೋಶವನ್ನು ಬರಿಗಣ್ಣಿನಿಂದ ಪರೀಕ್ಷಿಸುವ ಈ ಹಂತದ ಕೆಲಸ ಅಚ್ಚುಕಟ್ಟಾಗಿ ಆಗದಿದ್ದರೆ ಮುಂದಿನದೆಲ್ಲ ಕೆಡುತ್ತದೆ. ಗರ್ಭಕೋಶವನ್ನು ಇಡಿಯಾಗಿ ಫಾರ್ಮಲಿನ್ ಡಬ್ಬಕ್ಕೆ ಹಾಕಿಟ್ಟರೆ ದ್ರಾವಣ ದಪ್ಪ ಗೋಡೆ ದಾಟಿ ಒಳಗೆ ಹೋಗುವ ಮೊದಲೇ ಒಳಪೊರೆಯ ಜೀವಕೋಶಗಳು ಹಾಳಾಗತೊಡಗುತ್ತವೆ. ಹಾಗಾಗಿ ಅದನ್ನು ಬೇಗ ಸೀಳಿ ತೆರೆದಿಡಬೇಕು. ತುಣುಕುಗಳನ್ನು ಗಡ್ಡೆಯ ನಡುವಿನಿಂದಷ್ಟೇ ತೆಗೆದರೆ ಸಾಲದು. ಗಡ್ಡೆ ಮತ್ತು ಸ್ನಾಯು ಸೇರುವ ಗಡಿಯಿಂದ ತೆಗೆಯಬೇಕು. ನಾಡ್ಯೂಲ್ ಎಂದು ಸಹಿ ಹಾಕುವ ಮೊದಲು ಆ ಗಡಿಯನ್ನು ಪೂರ್ತಿಯಾಗಿ ಸೂಕ್ಷ್ಮದರ್ಶಕದಡಿ ನೋಡಿರಬೇಕೆಂಬುದು ಒಪ್ಪಿತ ಕ್ರಮ.

ಸೂಕ್ಷ್ಮದರ್ಶಕದ ನೋಟ ಮತ್ತು ಬಗೆಗಳು

ಸ್ಟ್ರೋಮಲ್ ನಾಡ್ಯೂಲ್: ಒಂದೇ ಅಳತೆಯ ಸಣ್ಣ ಜೀವಕೋಶಗಳು ಹಾಳೆ ಹಾಸಿದಂತೆ ಇರುತ್ತವೆ. ಅವುಗಳ ನಡುವೆ ಸುರುಳಿ ಅಪಧಮನಿಗಳನ್ನು ಹೋಲುವ ಕಿರುನಾಳಗಳ ಜಾಲವಿದ್ದು, ಜೀವಕೋಶಗಳು ಆ ನಾಳಗಳನ್ನು ಸುತ್ತುವರಿದಿರುತ್ತವೆ. ಅಂಚಿನಲ್ಲಿ ಸಣ್ಣ ಚಾಚುಗಳಿರಬಹುದು. ಆದರೆ ಅವು 3 ಮಿಲಿಮೀಟರ್ ದಾಟಬಾರದು, ಸಂಖ್ಯೆಯಲ್ಲಿ ಮೂರನ್ನು ಮೀರಬಾರದು. ರಕ್ತನಾಳದೊಳಗೆ ಗಡ್ಡೆ ಇರಲೇಬಾರದು. 1981ರಲ್ಲಿ ತವಸ್ಸೊಲಿ ಮತ್ತು ನಾರಿಸ್ ಇಂಥ 60 ಗಂಟುಗಳ ವಿವರ ಪ್ರಕಟಿಸಿದ ಮೇಲೆ ಇದರ ನಿರಪಾಯಕಾರಿ ಸ್ವಭಾವ ಗಟ್ಟಿಯಾಯಿತು.

ಲೋ ಗ್ರೇಡ್ ಸಾರ್ಕೋಮಾ: ಜೀವಕೋಶಗಳು ನಾಡ್ಯೂಲ್‌ನವೇ. ಅವು ನಾಲಿಗೆಯಾಕಾರದ ಚಾಚುಗಳಾಗಿ ಸ್ನಾಯುಪದರವನ್ನು ತೂರಿಕೊಂಡು ಹೋಗಿರುತ್ತವೆ. ಸುತ್ತಲಿನ ಸ್ನಾಯು ಇದಕ್ಕೆ ಉರಿಯೂತವಾಗಲಿ ನಾರುಕಟ್ಟುವಿಕೆಯಾಗಲಿ ತೋರುವುದಿಲ್ಲ. ಕೋಶವಿಭಜನೆ ಸಾಮಾನ್ಯವಾಗಿ 10 ಕ್ಷೇತ್ರಗಳಿಗೆ 5ಕ್ಕಿಂತ ಕಡಿಮೆ; ಹೆಚ್ಚಿದ್ದರೂ ಅಷ್ಟರಿಂದಲೇ ವರ್ಗ ಬದಲಾಗುವುದಿಲ್ಲ. ಗುಲಾಬಿ ಬಣ್ಣದ ಹಯಲಿನ್ ಪಟ್ಟಿಗಳು, ನೊರೆ ತುಂಬಿದಂಥ ಹಿಸ್ಟಿಯೊಸೈಟ್‌ಗಳು, ಅಲ್ಲಲ್ಲಿ ಅಂಡಾಶಯದ ಸೆಕ್ಸ್ ಕಾರ್ಡ್ ರಚನೆಯನ್ನು ಹೋಲುವ ಸಾಲುಗಳು ಕಾಣಬಹುದು. ಕೆಲವು ಗಡ್ಡೆಗಳಲ್ಲಿ ನಯಸ್ನಾಯುವಿನ ರೂಪಾಂತರವೂ ಇರುತ್ತದೆ: ನಡುವೆ ಹಯಲಿನ್, ಅದರ ಸುತ್ತ ಕಿರಣಗಳಂತೆ ಹೊರಟ ಸ್ನಾಯುಕೋಶಗಳು. ಈ ಭಾಗ ಶೇ. 30ನ್ನು ದಾಟಿದರೆ ಮಿಶ್ರ ಗಡ್ಡೆ ಎಂದು ವರದಿ ಮಾಡುವ ರೂಢಿಯಿದೆ. ಗತಿಯೂ ಚಿಕಿತ್ಸೆಯೂ ಸ್ಟ್ರೋಮಲ್ ಗಡ್ಡೆಯವೇ.

ಹೈ ಗ್ರೇಡ್ ಸಾರ್ಕೋಮಾ: ವೈಡಬ್ಲ್ಯುಎಚ್‌ಎಇ ಬೆಸುಗೆಯ ಗಡ್ಡೆಯಲ್ಲಿ ದುಂಡು ಜೀವಕೋಶಗಳು ಗುಂಪು ಗುಂಪಾಗಿ, ಅತಿ ತೆಳು ಕಿರುನಾಳಗಳ ಬಲೆಯಲ್ಲಿ ಕೂತಿರುತ್ತವೆ. ಕೋಶವಿಭಜನೆ 10 ಕ್ಷೇತ್ರಗಳಿಗೆ 10ನ್ನು ಸುಲಭವಾಗಿ ದಾಟುತ್ತದೆ. ಪಕ್ಕದಲ್ಲೇ ಶಾಂತವಾಗಿ ಕಾಣುವ, ಕದಿರಿನಾಕಾರದ ಜೀವಕೋಶಗಳ ಭಾಗವೂ ಇರಬಹುದು. ಸಣ್ಣ ತುಣುಕಿನಲ್ಲಿ ಆ ಭಾಗವೊಂದೇ ಸಿಕ್ಕರೆ ದಾರಿ ತಪ್ಪುತ್ತದೆ. ಬಿಸಿಒಆರ್ ಜೀನ್ ಬದಲಾವಣೆಯ ಇನ್ನೊಂದು ಬಗೆಯಲ್ಲಿ ಕದಿರಿನಾಕಾರದ ಜೀವಕೋಶಗಳು ಲೋಳೆಯಂಥ ಮಿಕ್ಸಾಯ್ಡ್ ಹಿನ್ನೆಲೆಯಲ್ಲಿ ತೇಲುತ್ತವೆ. ಅದು ಮಿಕ್ಸಾಯ್ಡ್ ಲಿಯೋಮಯೋಸಾರ್ಕೋಮಾ ಎಂದೇ ಅನೇಕ ಸಲ ದಾಖಲಾಗಿತ್ತು.

ವಿಭಿನ್ನತೆಯಿಲ್ಲದ ಸಾರ್ಕೋಮಾ: ಜೀವಕೋಶಗಳು ಅಳತೆ, ಆಕಾರಗಳಲ್ಲಿ ವಿಪರೀತ ಏರುಪೇರಾಗಿರುತ್ತವೆ. ಸ್ಟ್ರೋಮಾದ ಹೋಲಿಕೆ ಉಳಿದಿರುವುದಿಲ್ಲ. ಬೇರೆಲ್ಲ ಸಾಧ್ಯತೆಗಳನ್ನು ತೆಗೆದುಹಾಕಿದ ಮೇಲೆ ಉಳಿಯುವ ನಿದಾನವಿದು.

ಜೀನ್ ಬದಲಾವಣೆಗಳು

ಲೋ ಗ್ರೇಡ್ ಗಡ್ಡೆಗಳಲ್ಲಿ 7 ಮತ್ತು 17ನೇ ವರ್ಣತಂತುಗಳ ನಡುವಿನ ಅದಲುಬದಲು ಬಹಳ ಹಿಂದೆಯೇ ಗಮನಕ್ಕೆ ಬಂದಿತ್ತು. ಅದರಿಂದ ಬೆಸೆದುಕೊಳ್ಳುವ ಜೀನ್‌ಗಳು ಜಾಜ್‌ಎಫ್1 ಮತ್ತು ಸೂಜ್12 ಎಂದು 2001ರಲ್ಲಿ ಗುರುತಿಸಲಾಯಿತು. ಸೂಜ್12 ಪಾಲಿಕೋಂಬ್ ಎಂಬ ಪ್ರೋಟೀನ್ ಕೂಟದ ಸದಸ್ಯ. ಯಾವ ಜೀವಕೋಶದಲ್ಲಿ ಯಾವ ಜೀನ್‌ಗಳು ಬಾಯಿ ಮುಚ್ಚಿರಬೇಕೆಂಬುದನ್ನು ನಿಯಂತ್ರಿಸುವುದು ಈ ಕೂಟದ ಕೆಲಸ. ಬೆಸುಗೆಯಾದ ಪ್ರೋಟೀನ್ ಆ ನಿಯಂತ್ರಣವನ್ನು ಕೆಡಿಸುತ್ತದೆ. ಲೋ ಗ್ರೇಡ್ ಸಾರ್ಕೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಬೆಸುಗೆ ಸಿಗುತ್ತದೆ. ಪಿಎಚ್‌ಎಫ್1 ಜೀನ್ ಇನ್ನೊಂದು ಜೀನಿನೊಡನೆ ಸೇರಿದ ಬೆಸುಗೆಗಳು ಕೆಲವರಲ್ಲಿ ಇರುತ್ತವೆ. ಅವುಗಳ ಪರಿಣಾಮವೂ ಪಾಲಿಕೋಂಬ್ ಕೂಟದ ಮೇಲೆಯೇ.

ನಾಡ್ಯೂಲ್‌ನಲ್ಲೂ ಜಾಜ್‌ಎಫ್1–ಸೂಜ್12 ಬೆಸುಗೆ ಇರುವುದರಿಂದ ಜೀನ್ ಪರೀಕ್ಷೆ ನಾಡ್ಯೂಲ್ ಮತ್ತು ಸಾರ್ಕೋಮಾವನ್ನು ಬೇರ್ಪಡಿಸುವುದಿಲ್ಲ. ಗಡ್ಡೆ ಸ್ಟ್ರೋಮಾದ್ದೋ ಅಲ್ಲವೋ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಮಾರಕವೋ ಅಲ್ಲವೋ ಎಂಬುದಕ್ಕೆ ಮತ್ತೆ ಅಂಚನ್ನೇ ನೋಡಬೇಕು.

ನಿದಾನ

ಅಲ್ಟ್ರಾಸೌಂಡ್ ಈ ಗಡ್ಡೆಯನ್ನು ಫೈಬ್ರಾಯ್ಡ್ ಅಥವಾ ಒಳಪೊರೆ ಸ್ನಾಯುಪದರದೊಳಗೆ ಬೆಳೆಯುವ ಅಡಿನೊಮಯೋಸಿಸ್‌ನಿಂದ ಖಚಿತವಾಗಿ ಬೇರ್ಪಡಿಸುವುದಿಲ್ಲ. ಎಂಆರ್‌ಐನಲ್ಲಿ ಸುಳಿವುಗಳು ಹೆಚ್ಚು: ಗಡ್ಡೆ ನುಗ್ಗಿದ ಜಾಗದಲ್ಲಿ ಉಳಿದ ಸ್ನಾಯುಕಟ್ಟುಗಳು ಟಿ2 ಚಿತ್ರದಲ್ಲಿ ಕಪ್ಪು ಪಟ್ಟಿಗಳಾಗಿಯೂ ನಾಳದೊಳಗಿನ ಎಳೆಗಳು ಹುಳುವಿನಾಕಾರದಲ್ಲೂ ಕಾಣುತ್ತವೆ. ಶ್ವಾಸಕೋಶಕ್ಕೆ ಹರಡಿದೆಯೇ ಎಂದು ತಿಳಿಯಲು ಎದೆಯ ಸಿಟಿ ಸ್ಕ್ಯಾನ್ ಬೇಕು. ರಕ್ತಪರೀಕ್ಷೆಯಲ್ಲಿ ಸಿಗುವ ನಂಬಲರ್ಹ ಗುರುತು ಇಲ್ಲ.

ಒಳಪೊರೆಯ ಬಯಾಪ್ಸಿ ಅಥವಾ ಒಳಪೊರೆಯನ್ನು ಕೆರೆದು ತೆಗೆಯುವ ಡಿ ಅಂಡ್ ಸಿಯಲ್ಲಿ ಸ್ಟ್ರೋಮಾದ ತುಣುಕುಗಳು ಗ್ರಂಥಿಗಳಿಲ್ಲದೆ ಬಂದರೆ ಸ್ಟ್ರೋಮಲ್ ಗಡ್ಡೆ ಎಂದಷ್ಟೇ ಹೇಳಬಹುದು. ತುಣುಕಿನಲ್ಲಿ ಅಂಚು ಇರುವುದಿಲ್ಲ. ಆದ್ದರಿಂದ ನಾಡ್ಯೂಲೋ ಸಾರ್ಕೋಮಾವೋ ಎಂಬ ತೀರ್ಮಾನ ಗರ್ಭಕೋಶ ತೆಗೆದ ಮೇಲೆಯೇ. ಮಗು ಬೇಕೆನ್ನುವ ಕಿರಿಯ ವಯಸ್ಸಿನವರಲ್ಲಿ ಇದು ಬಿಕ್ಕಟ್ಟಾಗುತ್ತದೆ. ಗಂಟನ್ನಷ್ಟೇ ಅಂಚು ಸಮೇತ ಬಿಡಿಸಿ ತೆಗೆಯಲು ಆಗುವಂತಿದ್ದರೆ ಮಾತ್ರ ಗರ್ಭಕೋಶ ಉಳಿಸುವ ಯೋಚನೆ ಮಾಡಲಾಗುತ್ತದೆ.

ಪ್ರತಿಕಾಯಗಳಿಂದ ಪ್ರೋಟೀನ್‌ಗಳಿಗೆ ಬಣ್ಣ ಹತ್ತಿಸಿ ಗುರುತಿಸುವ ಇಮ್ಯುನೊಹಿಸ್ಟೊಕೆಮಿಸ್ಟ್ರಿ, ಆಸ್ಪತ್ರೆಯ ಮಾತಿನಲ್ಲಿ ಐಎಚ್‌ಸಿ, ಎರಡನೇ ಮೆಟ್ಟಿಲು. ಲೋ ಗ್ರೇಡ್ ಗಡ್ಡೆ ಸಿಡಿ10, ಈಸ್ಟ್ರೋಜನ್ ಗ್ರಾಹಕ, ಪ್ರೊಜೆಸ್ಟರಾನ್ ಗ್ರಾಹಕಗಳಿಗೆ ಪಾಸಿಟಿವ್ ಆಗಿ, ಎಚ್-ಕ್ಯಾಲ್ಡೆಸ್ಮಾನ್‌ಗೆ ನೆಗೆಟಿವ್ ಆಗಿರುತ್ತದೆ. ಸಿಡಿ10 ಒಂದನ್ನೇ ನೆಚ್ಚುವುದು ಅಪಾಯ. ಜೀವಕೋಶ ದಟ್ಟಣೆಯ ಫೈಬ್ರಾಯ್ಡ್‌ಗಳೂ ಅದಕ್ಕೆ ಬಣ್ಣ ತೋರುತ್ತವೆ. ವೈಡಬ್ಲ್ಯುಎಚ್‌ಎಇ ಬಗೆಯ ದುಂಡು ಜೀವಕೋಶಗಳಲ್ಲಿ ಸಿಡಿ10 ಮತ್ತು ಹಾರ್ಮೋನ್ ಗ್ರಾಹಕಗಳು ನೆಗೆಟಿವ್. ಅಲ್ಲಿ ಸೈಕ್ಲಿನ್ ಡಿ1 ಶೇ. 70ಕ್ಕೂ ಹೆಚ್ಚು ನ್ಯೂಕ್ಲಿಯಸ್‌ಗಳಲ್ಲಿ ಗಾಢವಾಗಿ ಹತ್ತುತ್ತದೆ, ಬಿಸಿಒಆರ್ ಕೂಡ ಪಾಸಿಟಿವ್. ಚಿತ್ರ ಇನ್ನೂ ಮಸುಕಾಗಿದ್ದರೆ ಮೇಣದ ಬ್ಲಾಕ್‌ನಿಂದಲೇ ವರ್ಣತಂತುಗಳ ಮುರಿತ ತೋರುವ ಫಿಶ್ ಪರೀಕ್ಷೆ ಅಥವಾ ಆರ್‌ಎನ್‌ಎ ಸೀಕ್ವೆನ್ಸಿಂಗ್ ಮಾಡಿ ಬೆಸುಗೆಯನ್ನು ಹುಡುಕಬಹುದು.

ಹೋಲುವ ಗಡ್ಡೆಗಳು

ಜೀವಕೋಶ ದಟ್ಟಣೆಯ ಫೈಬ್ರಾಯ್ಡ್ ದಿನನಿತ್ಯದ ಗೊಂದಲ. ಗೋಡೆ ದಪ್ಪಗಿರುವ ದೊಡ್ಡ ರಕ್ತನಾಳಗಳು, ಸೀಳುಗಳಂಥ ಖಾಲಿ ಜಾಗಗಳು, ಅಂಚಿನಲ್ಲಿ ಗಡ್ಡೆಯ ಕಟ್ಟುಗಳು ಸ್ನಾಯುಪದರದೊಡನೆ ಬೆರೆತುಹೋಗುವುದು, ಡೆಸ್ಮಿನ್ ಮತ್ತು ಎಚ್-ಕ್ಯಾಲ್ಡೆಸ್ಮಾನ್ ಗಾಢವಾಗಿ ಹತ್ತುವುದು ಇವು ಫೈಬ್ರಾಯ್ಡ್‌ನ ಪರ. ನಾಳದೊಳಗೆ ಬೆಳೆಯುವ ಇಂಟ್ರಾವೀನಸ್ ಲಿಯೋಮಯೊಮಟೋಸಿಸ್ ಬರಿಗಣ್ಣಿಗೆ ಲೋ ಗ್ರೇಡ್ ಸಾರ್ಕೋಮಾದಂತೆಯೇ ಕಾಣುತ್ತದೆ. ಜೀವಕೋಶಗಳು ಮಾತ್ರ ನಯಸ್ನಾಯುವಿನವು. ವಯಸ್ಸಾದವರ ಅಡಿನೊಮಯೋಸಿಸ್‌ನಲ್ಲಿ ಗ್ರಂಥಿಗಳು ಸವೆದು ಸ್ಟ್ರೋಮಾ ಒಂದೇ ಉಳಿದಾಗಲೂ ಮೋಸವಾಗಬಹುದು. ಅಲ್ಲಿ ಗಡ್ಡೆಯ ಮೊತ್ತವಿರುವುದಿಲ್ಲ, ಸುತ್ತಲಿನ ಸ್ನಾಯು ದಪ್ಪಗಾಗಿರುತ್ತದೆ. ಅಂಡಾಶಯದ ಸೆಕ್ಸ್ ಕಾರ್ಡ್ ಗಡ್ಡೆಯನ್ನು ಹೋಲುವ ಗರ್ಭಕೋಶದ ಗಡ್ಡೆ, ಅಡಿನೊಸಾರ್ಕೋಮಾ, ಪೆಕೋಮಾ ಇವೂ ಪಟ್ಟಿಯಲ್ಲಿವೆ. ಶ್ವಾಸಕೋಶಕ್ಕೆ ಹರಡಿದ ಸ್ಟ್ರೋಮಲ್ ಸಾರ್ಕೋಮಾವನ್ನು ಲಿಂಫಾಂಜಿಯೋಲಿಯೋಮಯೊಮಟೋಸಿಸ್ ಎಂಬ ಶ್ವಾಸಕೋಶದ ರೋಗವೆಂದು ತಿಳಿಯುವುದುಂಟು. ಹಿಂದೆಂದೋ ಗರ್ಭಕೋಶ ತೆಗೆಸಿಕೊಂಡ ವಿವರ ಪೆಥಾಲಜಿ ಪರೀಕ್ಷೆಯ ಅರ್ಜಿಯಲ್ಲಿ ಬರೆದಿದ್ದರೆ ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ಹಂತಗಳು ಮತ್ತು ಚಿಕಿತ್ಸೆ

ಅಂತರರಾಷ್ಟ್ರೀಯ ಸ್ತ್ರೀರೋಗ ಮತ್ತು ಪ್ರಸೂತಿ ಒಕ್ಕೂಟ, ಅಂದರೆ ಫಿಗೊ, 2009ರಲ್ಲಿ ಗರ್ಭಕೋಶದ ಸಾರ್ಕೋಮಾಗಳಿಗೆ ಪ್ರತ್ಯೇಕ ಹಂತಗಳನ್ನು ನಿಗದಿ ಮಾಡಿತು. ಗರ್ಭಕೋಶಕ್ಕೆ ಸೀಮಿತವಾದರೆ ಮೊದಲ ಹಂತ. ಅದರಲ್ಲಿ 5 ಸೆಂಟಿಮೀಟರ್‌ವರೆಗೆ 1ಎ, ಮೀರಿದರೆ 1ಬಿ. ಕಿಬ್ಬೊಟ್ಟೆಯ ಕುಹರಕ್ಕೆ ಹಬ್ಬಿದರೆ ಎರಡನೆಯದು, ಹೊಟ್ಟೆಯ ಅಂಗಾಂಶ ಅಥವಾ ದುಗ್ಧಗ್ರಂಥಿಗಳಿಗೆ ಹಬ್ಬಿದರೆ ಮೂರನೆಯದು, ಮೂತ್ರಕೋಶ, ಗುದನಾಳ ಅಥವಾ ದೂರದ ಅಂಗಗಳಿಗೆ ತಲಪಿದರೆ ನಾಲ್ಕನೆಯದು.

ಗರ್ಭಕೋಶವನ್ನು ಪೂರ್ತಿಯಾಗಿ, ಗಡ್ಡೆ ಒಡೆಯದಂತೆ ತೆಗೆಯುವುದು ಮೂಲ ಚಿಕಿತ್ಸೆ. ಈಸ್ಟ್ರೋಜನ್ನಿನ ಮೂಲವಾದ ಅಂಡಾಶಯಗಳನ್ನೂ ಸಾಮಾನ್ಯವಾಗಿ ತೆಗೆಯುತ್ತಾರೆ. ಕಿರಿಯ ವಯಸ್ಸಿನ, ಮೊದಲ ಹಂತದ ರೋಗಿಗಳಲ್ಲಿ ಅವನ್ನು ಉಳಿಸಬಹುದೇ ಎಂಬ ಚರ್ಚೆ ಮುಗಿದಿಲ್ಲ. ಮುಂದುವರಿದ ಅಥವಾ ಮರುಕಳಿಸಿದ ಲೋ ಗ್ರೇಡ್ ರೋಗಕ್ಕೆ ಲೆಟ್ರೊಜೋಲ್‌ನಂಥ ಅರೊಮಟೇಸ್ ತಡೆಗಳನ್ನೂ ಮೆಜೆಸ್ಟ್ರಾಲ್‌ನಂಥ ಪ್ರೊಜೆಸ್ಟಿನ್‌ಗಳನ್ನೂ ಕೊಡಲಾಗುತ್ತದೆ. ಋತುಬಂಧದ ಬಾಧೆಗೆಂದು ಈಸ್ಟ್ರೋಜನ್ ಕೊಡುವುದು, ಬೇರೆ ಕಾರಣಕ್ಕೆ ಟಮಾಕ್ಸಿಫೆನ್ ಕೊಡುವುದು ಈ ರೋಗಿಗಳಿಗೆ ಸಲ್ಲದು. ಹೈ ಗ್ರೇಡ್ ಗಡ್ಡೆಗೆ ಹಾರ್ಮೋನ್ ತಡೆ ನಾಟುವುದಿಲ್ಲ. ಅಲ್ಲಿ ಡಾಕ್ಸೊರುಬಿಸಿನ್ ಮುಂತಾದ ಕೀಮೊಥೆರಪಿ ಔಷಧಗಳೇ ಆಸರೆ.

ಮೊದಲ ಹಂತದ ಲೋ ಗ್ರೇಡ್ ರೋಗಿಗಳಲ್ಲಿ ಐದು ವರ್ಷ ಬದುಕುಳಿಯುವವರು ಶೇ. 90ಕ್ಕೂ ಹೆಚ್ಚು. ಆದರೆ ಮೂರನೇ ಒಂದು ಭಾಗದಿಂದ ಅರ್ಧದಷ್ಟು ಮಂದಿಯಲ್ಲಿ ಗಡ್ಡೆ ಮರಳುತ್ತದೆ, ಕೆಲವರಲ್ಲಿ 10–20 ವರ್ಷಗಳ ನಂತರ. ಹಾಗಾಗಿ ಐದು ವರ್ಷದ ಅಂಕಿಯೊಂದನ್ನೇ ಮುಂದಿಟ್ಟುಕೊಂಡು ತಪಾಸಣೆ ನಿಲ್ಲಿಸುವುದಕ್ಕೆ ಅರ್ಥವಿಲ್ಲ. ವಿಭಿನ್ನತೆಯಿಲ್ಲದ ಸಾರ್ಕೋಮಾದಲ್ಲಿ ಹೆಚ್ಚಿನವರು ಎರಡು ವರ್ಷಗಳೊಳಗೆ ತೀರಿಕೊಳ್ಳುತ್ತಾರೆ.

ಇಂದಿನ ಸ್ಥಿತಿ

ಕೀಹೋಲ್ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶ ಅಥವಾ ಫೈಬ್ರಾಯ್ಡನ್ನು ಹೊಟ್ಟೆಯೊಳಗೇ ಚೂರು ಮಾಡಿ ಹೊರತೆಗೆಯುವ ಪವರ್ ಮಾರ್ಸೆಲೇಟರ್ ಈ ಗಡ್ಡೆಯ ಚರ್ಚೆಯನ್ನು ಪ್ರಯೋಗಾಲಯದಿಂದ ಆಪರೇಷನ್ ಥಿಯೇಟರಿಗೆ ತಂದಿತು. ಗೊತ್ತಿಲ್ಲದ ಸಾರ್ಕೋಮಾ ಇದ್ದರೆ ಚೂರುಗಳು ಹೊಟ್ಟೆಯೆಲ್ಲ ಚದುರುತ್ತವೆ. ಪೆಥಾಲಜಿಸ್ಟ್‌ಗೆ ಅಂಚೂ ಸಿಗುವುದಿಲ್ಲ. ಫೈಬ್ರಾಯ್ಡ್‌ಗೆಂದು ಶಸ್ತ್ರಚಿಕಿತ್ಸೆಗೆ ಒಳಗಾಗುವ ಸುಮಾರು 350 ಮಹಿಳೆಯರಲ್ಲಿ ಒಬ್ಬರಿಗೆ ಯಾವುದಾದರೊಂದು ಗರ್ಭಕೋಶ ಸಾರ್ಕೋಮಾ ಇರಬಹುದೆಂದು ಅಂದಾಜಿಸಿ, ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2014ರ ಏಪ್ರಿಲ್‌ನಲ್ಲಿ ಈ ಉಪಕರಣದ ಬಳಕೆಯ ವಿರುದ್ಧ ಎಚ್ಚರಿಕೆ ಹೊರಡಿಸಿತು. ಚೀಲದೊಳಗಿಟ್ಟು ಚೂರು ಮಾಡುವ ಕ್ರಮ ಆಮೇಲೆ ಬಳಕೆಗೆ ಬಂತು.

ಕ್ಯಾನ್ಸರ್ ನೋಂದಣಿಗಳಲ್ಲಿ ಅಂಗಕ್ಕೊಂದು, ಗಡ್ಡೆಯ ಜಾತಿಗೊಂದು ಸಂಕೇತವಿರುತ್ತದೆ. ಗರ್ಭಕೋಶದ ಮೈಭಾಗದ ಎಲ್ಲ ಕ್ಯಾನ್ಸರ್‌ಗಳೂ ಸಿ54 ಎಂಬ ಒಂದೇ ಅಂಗಸಂಕೇತದಡಿ ಬೀಳುತ್ತವೆ. ಸ್ಟ್ರೋಮಲ್ ಗಡ್ಡೆಗಳು ಬೇರೆಯಾಗುವುದು ಜಾತಿಯ ಸಂಕೇತದಲ್ಲಿ: ನಾಡ್ಯೂಲ್‌ಗೆ 8930/0, ಲೋ ಗ್ರೇಡ್‌ಗೆ 8931/3, ಹೈ ಗ್ರೇಡ್‌ಗೆ 8930/3. ಭಾರತದಲ್ಲಿ ರಾಷ್ಟ್ರೀಯ ಕ್ಯಾನ್ಸರ್ ನೋಂದಣಿ ಕಾರ್ಯಕ್ರಮದಡಿ ಬೆಂಗಳೂರಿನ ಕಿದ್ವಾಯಿ ಸಂಸ್ಥೆ 1982ರಿಂದ ನಗರದ ನೋಂದಣಿ ನಡೆಸುತ್ತಿದೆ. ಇಂಥ ನೋಂದಣಿಗಳ ಅಂಗವಾರು ಕೋಷ್ಟಕಗಳಲ್ಲಿ ಈ ಗಡ್ಡೆ ಪ್ರತ್ಯೇಕವಾಗಿ ಕಾಣುವುದಿಲ್ಲ. ತೆಗೆದ ಗರ್ಭಕೋಶ ಪೆಥಾಲಜಿಗೆ ಹೋಗದಿದ್ದರೆ ಅದು ದಾಖಲೆಗೇ ಬರುವುದಿಲ್ಲ. ಹತ್ತಾರು ವರ್ಷಗಳ ಮೇಲೆ ಶ್ವಾಸಕೋಶದಲ್ಲಿ ಗಂಟು ಕಂಡಾಗ ಹೋಲಿಸಿ ನೋಡಲು ಹಳೆಯ ಬ್ಲಾಕ್ ಕೂಡ ಇರುವುದಿಲ್ಲ.